ಫೋನ್ ಸೈಲೆಂಟ್ ಮಾಡಿದರೆ ಸಾಕಾ? ನೋಟಿಫಿಕೇಶನ್ ಕಿರಿಕಿರಿಗೆ ಬೇರೆಯೇ ದಾರಿ ಇದೆ

(ಪಾಡ್‌ಕಾಸ್ಟ್‌ನ ಬರಹ ರೂಪ)

ನೀವು ಮೆಟ್ರೋದಲ್ಲಿ ನಿಂತ್ಕೊಂಡು ಇದನ್ನ ಕೇಳ್ತಿರಬಹುದು, ಪಿಜಿ ರೂಮಿನಲ್ಲಿ ಬಟ್ಟೆ ಮಡಚ್ತಾ ಕೇಳ್ತಿರಬಹುದು. ಎಲ್ಲೇ ಇರಿ, ಶುರು ಮಾಡೋ ಮುಂಚೆ ಒಂದು ಸಣ್ಣ ಕೆಲಸ. ಫೋನ್ ಸ್ಕ್ರೀನನ್ನ ಮೇಲಿಂದ ಕೆಳಗೆ ಒಮ್ಮೆ ಎಳೆದು ನೋಡಿ. ಎಷ್ಟು ನೋಟಿಫಿಕೇಶನ್ ಇದೆ ಎಣಿಸಿ. ಈಗ ಇನ್ನೊಂದು ಸಲ ಎಣಿಸಿ. ಈ ಸಲ, ನಿಮ್ಮ ಪರಿಚಯದ ಒಬ್ಬ ಮನುಷ್ಯ, ನಿಮಗೇ ಅಂತ ಬರೆದು ಕಳಿಸಿದ್ದು ಮಾತ್ರ ಎಣಿಸಿ.

ನಾನು ಇವತ್ತು ಬೆಳಿಗ್ಗೆ ಮಾಡಿ ನೋಡಿದಾಗ ಮೊದಲ ಲೆಕ್ಕ 31, ಎರಡನೇ ಲೆಕ್ಕ 4. ಉಳಿದದ್ದೆಲ್ಲ ಏನು ಅಂದ್ರೆ, ಕೇಳದೇ ಕೊಡ್ತೀವಿ ಅನ್ನೋ ಸಾಲದ ಆಫರ್, "ಹಸಿವಾಗ್ತಿದೆಯಾ?" ಅಂತ ಕೇಳೋ ಊಟದ ಆ್ಯಪ್, ನಾನು ಅರ್ಧಕ್ಕೆ ಬಿಟ್ಟ ಸೀರಿಯಲ್‌ನ ಹೊಸ ಎಪಿಸೋಡ್, ಕ್ರಿಕೆಟ್ ಸ್ಕೋರು, ಸಿಸಿಯಲ್ಲಿ ಸುಮ್ಮನೆ ನನ್ನನ್ನೂ ಸೇರಿಸಿದ ಆಫೀಸ್ ಮೇಲ್‌ಗಳು. ಎಲ್ಲದಕ್ಕೂ ಒಂದೇ ಟಿಂಗ್. ಅಮ್ಮನ ಮೆಸೇಜಿಗೂ ಅದೇ ಟಿಂಗ್, 40 ಪರ್ಸೆಂಟ್ ಡಿಸ್ಕೌಂಟಿಗೂ ಅದೇ ಟಿಂಗ್.

ಇವತ್ತಿನ ಮಾತು ಇದರ ಬಗ್ಗೆನೇ. ಆದರೆ "ಫೋನ್ ಕೆಳಗಿಡಿ, ಪುಸ್ತಕ ಓದಿ" ಅಂತ ಉಪದೇಶ ಮಾಡೋಕೆ ಬಂದಿಲ್ಲ. ಆ ಉಪದೇಶ ನನಗೂ ಸಾಕಷ್ಟು ಸಿಕ್ಕಿದೆ. ನಾನು ಸಿಟ್ಟಲ್ಲಿ ಫೋನ್ ಪೂರ್ತಿ ಬಾಯಿ ಮುಚ್ಚಿಸಿದ ಒಂದು ರಾತ್ರಿಯ ಕಥೆ ಹೇಳ್ತೀನಿ. ಅಲ್ಲಿಂದ ಶುರು ಮಾಡೋಣ.

ಮೆಜೆಸ್ಟಿಕ್‌ನಲ್ಲಿ ಎರಡು ಗಂಟೆ

ನಮ್ಮೂರು ಸಾಗರದ ಹತ್ತಿರ. ಕೆಲಸ ಬೆಂಗಳೂರಲ್ಲಿ. ಅಪ್ಪನಿಗೆ ಕಣ್ಣಿನ ತಪಾಸಣೆ ಇತ್ತು, ಶನಿವಾರ ಬರ್ತೀನಿ ಅಂದಿದ್ದರು. ನಾನು ಬೆಳಿಗ್ಗೆ ಮೆಜೆಸ್ಟಿಕ್‌ಗೆ ಹೋಗಿ ಕರ್ಕೊಂಡು ಬರೋದು ಅಂತ ಮಾತಾಗಿತ್ತು. ಆಮೇಲೆ ಆಸ್ಪತ್ರೆಯವರು ದಿನ ಬದಲಾಯಿಸಿದರು, ಶುಕ್ರವಾರಕ್ಕೇ ಬನ್ನಿ ಅಂದರು. ಅಪ್ಪ ಗುರುವಾರ ಸಂಜೆ ಅದನ್ನ ನಮ್ಮ ಫ್ಯಾಮಿಲಿ ವಾಟ್ಸ್‌ಆ್ಯಪ್ ಗ್ರೂಪಲ್ಲಿ ಬರೆದು ಹಾಕಿದರು: "ಇವತ್ತು ರಾತ್ರಿ ಬಸ್ಸಿಗೆ ಹೊರಡ್ತೇನೆ."

ಅವತ್ತೇ ನನ್ನ ಚಿಕ್ಕಮ್ಮನ ಮಗನ ಹುಟ್ಟುಹಬ್ಬ. ಗ್ರೂಪಲ್ಲಿ ಕೇಕು, ಹೂವು, ಕೈ ಮುಗಿಯೋ ಇಮೋಜಿ, ಯಾರೋ ಫಾರ್ವರ್ಡ್ ಮಾಡಿದ ಮೂರು ವಿಡಿಯೋ. ನೂರರ ಮೇಲೆ ಮೆಸೇಜು. ಅಪ್ಪನ ಒಂದು ಸಾಲು ಅದರ ಮಧ್ಯೆ ಎಲ್ಲೋ ಹೂತು ಹೋಯ್ತು. ನಾನು ನೋಡಲೇ ಇಲ್ಲ.

ಅದೇ ರಾತ್ರಿ ಆಫೀಸ್ ಗ್ರೂಪಲ್ಲಿ ಹನ್ನೊಂದೂವರೆಗೆ ಶುರುವಾಯ್ತು. ಒಂದು ಪ್ರೆಸೆಂಟೇಶನ್, ಅದರ ಏಳನೇ ಸ್ಲೈಡಿನ ಬಣ್ಣ. ಬಣ್ಣದ ಬಗ್ಗೆ ಐದು ಜನ ಮಧ್ಯರಾತ್ರಿ ಚರ್ಚೆ ಮಾಡ್ತಿದ್ದಾರೆ. ನನಗೂ ಆ ಸ್ಲೈಡಿಗೂ ಸಂಬಂಧ ಇಲ್ಲ. ಆದರೂ ಪ್ರತಿ ಸಲ ಫೋನ್ ನಡುಗಿದಾಗ ಎದೆ ಧಸಕ್ ಅನ್ನುತ್ತೆ, ನನ್ನ ಹೆಸರೇನಾದ್ರೂ ಬಂತಾ ಅಂತ. ಕೊನೆಗೆ ಸಿಟ್ಟು ಬಂದು ಫೋನ್ ಪೂರ್ತಿ ಸೈಲೆಂಟ್ ಮಾಡಿದೆ. ವೈಬ್ರೇಶನ್ನೂ ಆಫ್. ಎಷ್ಟೋ ದಿನದ ಮೇಲೆ ಚೆನ್ನಾಗಿ ನಿದ್ದೆ ಬಂತು.

ಬೆಳಿಗ್ಗೆ ಏಳಕ್ಕೆ ಅಲಾರಂ ಹೊಡೀತು. ನೋಡಿದ್ರೆ ಅಪ್ಪನ ಎರಡು ಮಿಸ್ಡ್ ಕಾಲ್. ಒಂದು 5.15ಕ್ಕೆ, ಇನ್ನೊಂದು 5.50ಕ್ಕೆ. ಆಮೇಲೆ ಇಲ್ಲ.

ಬಿದ್ದೂ ಎದ್ದೂ ಓಡಿದೆ. ಅಪ್ಪ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಬ್ಯಾಗು ಕಾಲ ಮಧ್ಯೆ ಇಟ್ಕೊಂಡು, ಉಪ್ಪಿನಕಾಯಿ ಡಬ್ಬಿ ತೊಡೆ ಮೇಲೆ ಇಟ್ಕೊಂಡು ಕೂತಿದ್ದರು. ಕಣ್ಣು ಸರಿಯಾಗಿ ಕಾಣಲ್ಲ ಅಂತಲೇ ತಪಾಸಣೆಗೆ ಬಂದವರು. ಬಸ್ ಬೋರ್ಡು ಓದೋಕೂ ಕಷ್ಟ. ನಾನು, "ಅಪ್ಪ, ಮತ್ತೆ ಮತ್ತೆ ಫೋನ್ ಮಾಡ್ಬಾರದಿತ್ತಾ?" ಅಂದೆ. ಅವರು ಹೇಳಿದ್ದು ಇಷ್ಟೇ: "ರಾತ್ರಿ ಎಲ್ಲ ಕೆಲಸ ಮಾಡಿರ್ತೀಯ, ಮಲಗಿರ್ಲಿ ಅಂತ ಸುಮ್ನಾದೆ ಮಾರಾಯ್ತಿ."

ಬೈದಿದ್ದರೆ ಚೆನ್ನಾಗಿರ್ತಿತ್ತು ಅನ್ನಿಸ್ತು.

ಆಮೇಲೆ ಯೋಚನೆ ಮಾಡಿದಾಗ ಹೊಳೆದದ್ದು, ಇಲ್ಲಿ ನಡೆದದ್ದು ಒಂದು ತಪ್ಪಲ್ಲ, ಎರಡು. ಸಂಜೆ ಅಪ್ಪನ ಮೆಸೇಜು ಗಲಾಟೆಯಲ್ಲಿ ಕಳೆದುಹೋಯ್ತು. ಬೆಳಿಗ್ಗೆ ಅವರ ಕಾಲ್ ನಿಶ್ಶಬ್ದದಲ್ಲಿ ಕಳೆದುಹೋಯ್ತು. ಎಲ್ಲ ಆನ್ ಇದ್ದಾಗಲೂ ನನಗೆ ಬೇಕಾದ್ದು ಕೇಳಿಸಲಿಲ್ಲ, ಎಲ್ಲ ಆಫ್ ಇದ್ದಾಗಲೂ ಕೇಳಿಸಲಿಲ್ಲ. ಎರಡರಲ್ಲೂ ಕೊರತೆ ಒಂದೇ. ಯಾರ ಸದ್ದು ನನಗೆ ಬೇಕು ಅಂತ ನಾನು ಯಾವತ್ತೂ ಕೂತು ವಿಂಗಡಿಸಿರಲಿಲ್ಲ.

ನೋಡದಿದ್ದರೂ ಖರ್ಚು ಖರ್ಚೇ

"ಬಂದರೆ ಬರಲಿ, ನಾನು ನೋಡಲ್ಲ" ಅಂತೀವಲ್ಲ, ಅದು ನಿಜವಾಗ್ಲೂ ಕೆಲಸ ಮಾಡುತ್ತಾ?

ಅಮೆರಿಕದ ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಇದರ ಮೇಲೆ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಜನರಿಗೆ ಗಮನ ಕೊಟ್ಟು ಮಾಡಬೇಕಾದ ಒಂದು ಕೆಲಸ ಕೊಟ್ಟರು. ಮಧ್ಯದಲ್ಲಿ ಕೆಲವರ ಫೋನಿಗೆ ಕಾಲ್ ಅಥವಾ ಮೆಸೇಜ್ ಬರೋ ಹಾಗೆ ಮಾಡಿದರು. ಫೋನ್ ಮುಟ್ಟದೇ ಇದ್ದರೂ ತಪ್ಪುಗಳು ಹೆಚ್ಚಾದವು. ಅಂದ್ರೆ ಕೈ ಮುಟ್ಟದಿದ್ದರೂ ಮನಸ್ಸು ಮುಟ್ಟಿ ಬಂದಿರುತ್ತೆ. ಯಾರಿರಬಹುದು, ಏನಿರಬಹುದು ಅಂತ.

ಇನ್ನೊಂದು ನನಗೆ ಬಹಳ ಹತ್ತಿರ ಅನ್ನಿಸಿದ ಅಧ್ಯಯನ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್‌ನ ಗ್ಲೋರಿಯಾ ಮಾರ್ಕ್ ಮತ್ತು ಅವರ ಸಹೋದ್ಯೋಗಿಗಳು 2008ರಲ್ಲಿ ಮಾಡಿದ್ದು. ಕೆಲಸದ ಮಧ್ಯೆ ಅಡ್ಡಿ ಬಂದರೆ ಏನಾಗುತ್ತೆ ಅಂತ ನೋಡಿದರು. ನಾವೆಲ್ಲ ಅಂದ್ಕೊಳ್ಳೋದು ಕೆಲಸ ನಿಧಾನ ಆಗುತ್ತೆ ಅಂತ. ಆದರೆ ಅಡ್ಡಿ ಅನುಭವಿಸಿದವರು ಕೆಲಸವನ್ನ ಬೇಗ ಮುಗಿಸಿದ್ದರು! ಗುಣಮಟ್ಟವೂ ಕಡಿಮೆ ಆಗಿರಲಿಲ್ಲ. ಹಾಗಾದ್ರೆ ನಷ್ಟ ಎಲ್ಲಿ? ಅವರ ಒತ್ತಡ ಜಾಸ್ತಿ ಆಗಿತ್ತು, ಕಿರಿಕಿರಿ ಜಾಸ್ತಿ ಆಗಿತ್ತು, ಟೈಮ್ ಸಾಲ್ತಿಲ್ಲ ಅನ್ನೋ ಭಾವನೆ ಜಾಸ್ತಿ ಆಗಿತ್ತು. ಕಳೆದುಹೋದ ಸಮಯ ಸರಿದೂಗಿಸೋಕೆ ಅವರು ಓಡ್ತಿದ್ದರು.

ಇದು ಯಾಕೆ ಮುಖ್ಯ ಅಂದ್ರೆ, ನಮ್ಮ ಬಾಸ್‌ಗೆ ಕಾಣೋದು ಮುಗಿದ ಕೆಲಸ ಮಾತ್ರ. "ಎಲ್ಲ ಸರಿಯಾಗೇ ನಡೀತಿದೆಯಲ್ಲ" ಅಂತಾರೆ. ನಡೀತಿದೆ, ಹೌದು. ಅದಕ್ಕೆ ಬೆಲೆ ಕಟ್ಟಿದ್ದು ಮಾತ್ರ ನಮ್ಮ ದೇಹ. ಸಂಜೆ ಮನೆಗೆ ಬಂದು, ಏನೂ ದೊಡ್ಡ ಕೆಲಸ ಮಾಡದೇ ಇದ್ದರೂ ಜೀವ ಹಿಂಡಿದ ಹಾಗೆ ಸುಸ್ತು ಆಗಿರುತ್ತಲ್ಲ, ಅದು ಸೋಮಾರಿತನ ಅಲ್ಲ.

ಮತ್ತೆ, ಫೋನ್ ಜೇಬಲ್ಲಿ ಇಲ್ಲದಿದ್ದರೂ ನಡುಗಿದ ಹಾಗೆ ಅನ್ನಿಸೋದು ನಿಮಗೂ ಆಗಿದೆಯಾ? ಭಯ ಬೇಡ, ಎಷ್ಟೋ ಜನರಿಗೆ ಆಗುತ್ತೆ. 2012ರಲ್ಲಿ ಅಮೆರಿಕದಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದ ಒಂದು ಅಧ್ಯಯನದಲ್ಲಿ 89 ಪರ್ಸೆಂಟ್ ಜನ ಈ ಅನುಭವ ಆಗಿದೆ ಅಂದಿದ್ದರು. ಕಾದು ಕಾದು ಚರ್ಮಕ್ಕೂ ಅಭ್ಯಾಸ ಆಗಿರುತ್ತೆ, ಅಷ್ಟೇ.

ನಮ್ಮ ದೇಶದಲ್ಲೇ ನಡೆದ ಪ್ರಯೋಗ

ಈಗ ಮುಖ್ಯ ಪ್ರಶ್ನೆ. ಹಾಗಾದ್ರೆ ಎಲ್ಲ ಆಫ್ ಮಾಡಿಬಿಟ್ಟರೆ?

ಇದಕ್ಕೆ ಉತ್ತರ ಹುಡುಕಿದ ಒಂದು ಪ್ರಯೋಗ ಭಾರತದ ಸ್ಮಾರ್ಟ್‌ಫೋನ್ ಬಳಕೆದಾರರ ಮೇಲೆಯೇ ನಡೆದಿದೆ. ವರದಿ ಬಂದದ್ದು 2019ರಲ್ಲಿ. 237 ಜನ, ಎರಡು ವಾರ. ಅವರನ್ನ ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನಂತೆ ನೋಟಿಫಿಕೇಶನ್. ಒಂದು ಗುಂಪಿಗೆ ಗಂಟೆಗೊಮ್ಮೆ ಎಲ್ಲ ಒಟ್ಟಿಗೆ. ಇನ್ನೊಂದಕ್ಕೆ ದಿನಕ್ಕೆ ಮೂರು ಸಲ ಮಾತ್ರ. ಕೊನೆಯ ಗುಂಪಿಗೆ ಏನೂ ಇಲ್ಲ, ಪೂರ್ತಿ ಬಂದ್.

ದಿನಕ್ಕೆ ಮೂರು ಸಲ ಬಂದವರಿಗೆ ಲಾಭ ಆಯ್ತು. ಗಮನ ಹೆಚ್ಚಿತು, ಮೂಡ್ ಚೆನ್ನಾಗಿತ್ತು, ಫೋನ್ ತಮ್ಮ ಹಿಡಿತದಲ್ಲಿದೆ ಅನ್ನೋ ಭಾವನೆ ಬಂತು. ಪೂರ್ತಿ ಬಂದ್ ಮಾಡಿದವರಿಗೆ? ಆ ಲಾಭ ಹೆಚ್ಚೇನೂ ಸಿಗಲಿಲ್ಲ. ಬದಲಿಗೆ ಆತಂಕ ಜಾಸ್ತಿ ಆಯ್ತು. ಏನೋ ತಪ್ಪಿಹೋಗ್ತಿದೆ ಅನ್ನೋ ಚಡಪಡಿಕೆ ಜಾಸ್ತಿ ಆಯ್ತು.

ಇದನ್ನ ಓದಿದಾಗ ನನಗೆ ಮೆಜೆಸ್ಟಿಕ್ ಬೆಂಚು ನೆನಪಾಯ್ತು. ಆ ಚಡಪಡಿಕೆ ಬರೀ ಚಟ ಅಲ್ಲ. ಅದರೊಳಗೆ ಸ್ವಲ್ಪ ನಿಜವೂ ಇದೆ. ಊರಲ್ಲಿ ಅಪ್ಪ ಅಮ್ಮ ಇದ್ದಾರೆ. ತಮ್ಮ ಕಾಲೇಜಿಗೆ ಬೈಕಲ್ಲಿ ಹೋಗ್ತಾನೆ. ಫ್ರೆಂಡ್ ಒಬ್ಬಳು ರಾತ್ರಿ ಶಿಫ್ಟ್ ಮುಗಿಸಿ ಒಬ್ಬಳೇ ಮನೆಗೆ ಬರ್ತಾಳೆ. ಫೋನ್ ಪೂರ್ತಿ ಬಂದ್ ಮಾಡೋ ಸೌಕರ್ಯ ನಮ್ಮಲ್ಲಿ ಎಷ್ಟು ಜನಕ್ಕಿದೆ? ಹಾಗಾಗಿ ಬಂದ್ ಮಾಡಬೇಡಿ, ವಿಂಗಡಿಸಿ. ಮನೆಯಲ್ಲಿ ಅಕ್ಕಿ ಕೇರ್ತಾರಲ್ಲ, ಹಾಗೆ. ಕಲ್ಲು ಇದೆ ಅಂತ ಯಾರೂ ಅಕ್ಕಿ ಎಸೆಯಲ್ಲ.

ನಾನು ಮೂರು ಗುಂಪು ಮಾಡ್ಕೊಂಡೆ. ನನ್ನ ಜನ, ಅಂಗಡಿಗಳು, ಆಫೀಸು.

ಮೊದಲನೇದು: ನನ್ನ ಜನ

ಯಾವ ಹೊತ್ತಲ್ಲಾದ್ರೂ ನನ್ನನ್ನ ಎಬ್ಬಿಸೋ ಹಕ್ಕು ಯಾರಿಗಿದೆ? ಒಂದು ಕಾಗದ ತಗೊಂಡು ಹೆಸರು ಬರೀರಿ. ನನ್ನ ಪಟ್ಟಿಯಲ್ಲಿ ಆರು ಹೆಸರು ಇತ್ತು. ನಿಮ್ಮದು ಹತ್ತಿರಬಹುದು. ಐವತ್ತು ಖಂಡಿತ ಇರಲ್ಲ.

ಈಗ ಫೋನಲ್ಲಿ ಏನು ಮಾಡೋದು? ಆಂಡ್ರಾಯ್ಡ್ ಆದ್ರೆ ಕಾಂಟ್ಯಾಕ್ಟ್ಸ್‌ಗೆ ಹೋಗಿ ಆ ಹೆಸರುಗಳಿಗೆ ಸ್ಟಾರ್ ಹಾಕಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ "ಡು ನಾಟ್ ಡಿಸ್ಟರ್ಬ್" ತೆಗೆದು, ಸ್ಟಾರ್ ಹಾಕಿದವರ ಕಾಲ್ ಮಾತ್ರ ಬರಲಿ ಅಂತ ಆಯ್ಕೆ ಮಾಡಿ. ರಾತ್ರಿ ಇಷ್ಟು ಗಂಟೆಯಿಂದ ಬೆಳಿಗ್ಗೆ ಇಷ್ಟು ಗಂಟೆವರೆಗೆ ತಾನೇ ಆನ್ ಆಗಲಿ ಅಂತಲೂ ಹೇಳಬಹುದು. ಐಫೋನ್ ಆದ್ರೆ "ಫೋಕಸ್" ಅನ್ನೋದರಲ್ಲಿ ಜನರನ್ನ ಸೇರಿಸಬಹುದು. ಅಲ್ಲಿ ಕಾಂಟ್ಯಾಕ್ಟ್‌ನ ರಿಂಗ್‌ಟೋನ್ ಜಾಗದಲ್ಲಿ "ಎಮರ್ಜೆನ್ಸಿ ಬೈಪಾಸ್" ಅಂತ ಒಂದು ಸ್ವಿಚ್ ಇದೆ. ಅದು ಆನ್ ಇದ್ದರೆ ಫೋನ್ ಸೈಲೆಂಟ್ ಇದ್ದರೂ ಆ ಒಬ್ಬರ ಕಾಲ್ ಸದ್ದು ಮಾಡುತ್ತೆ.

ಒಂದು ಎಚ್ಚರಿಕೆ. ಸೈಲೆಂಟ್ ಬೇರೆ, ಡು ನಾಟ್ ಡಿಸ್ಟರ್ಬ್ ಬೇರೆ. ಆಂಡ್ರಾಯ್ಡಲ್ಲಿ ರಿಂಗರ್ ಸೈಲೆಂಟ್ ಮಾಡಿದ್ರೆ ಸ್ಟಾರ್ ಇದ್ದವರ ಕಾಲಿಗೂ ಸದ್ದು ಬರಲ್ಲ. ನಾನು ಅವತ್ತು ಮಾಡಿದ್ದು ಅದನ್ನೇ. ರಿಂಗರ್ ವಾಲ್ಯೂಮ್ ಜೋರಾಗೇ ಇರಲಿ, ಸೋಸೋ ಕೆಲಸ ಡು ನಾಟ್ ಡಿಸ್ಟರ್ಬ್ ಮಾಡಲಿ.

ಇನ್ನೊಂದು ಎಚ್ಚರಿಕೆ. ಎರಡೂ ತರದ ಫೋನಲ್ಲಿ "ರಿಪೀಟ್ ಕಾಲರ್" ಅಂತ ಒಂದು ಸೌಲಭ್ಯ ಇದೆ. ಒಬ್ಬರೇ ಬೇಗ ಬೇಗ ಎರಡು ಸಲ ಕಾಲ್ ಮಾಡಿದ್ರೆ ಎರಡನೇ ಕಾಲನ್ನ ಒಳಗೆ ಬಿಡುತ್ತೆ. ಆಂಡ್ರಾಯ್ಡಲ್ಲಿ 15 ನಿಮಿಷದೊಳಗೆ, ಐಫೋನಲ್ಲಿ 3 ನಿಮಿಷದೊಳಗೆ. ಕೇಳೋಕೆ ಚೆನ್ನಾಗಿದೆ. ಆದರೆ ನಮ್ಮಪ್ಪನ ಎರಡು ಕಾಲ್‌ಗಳ ಮಧ್ಯೆ 35 ನಿಮಿಷ ಇತ್ತು! ನಮ್ಮ ಹಿರಿಯರು ಮೇಲಿಂದ ಮೇಲೆ ಕಾಲ್ ಮಾಡೋ ಪೈಕಿ ಅಲ್ಲ. ತೊಂದರೆ ಕೊಡಬಾರದು ಅಂತ ಕಾಯ್ತಾರೆ. ಅದಕ್ಕೇ ಅವರ ವಿಷಯದಲ್ಲಿ ಈ ಸೌಲಭ್ಯವನ್ನ ನಂಬ್ಕೋಬೇಡಿ. ಸ್ಟಾರ್ ಹಾಕಿ.

ಫೋನಿನ ಕೆಲಸ ಅಲ್ಲಿಗೆ ಮುಗೀತು. ಮನೆಯವರ ಹತ್ತಿರ ಒಂದು ಮಾತು ಬಾಕಿ ಇದೆ. ನಾನು ಅಪ್ಪ ಅಮ್ಮ ಇಬ್ಬರಿಗೂ ಹೇಳಿದೆ: "ಮುಖ್ಯವಾದ್ದು ಇದ್ರೆ ಗ್ರೂಪಲ್ಲಿ ಬರೀಬೇಡಿ. ಕಾಲ್ ಮಾಡಿ. ನಾನು ಮಲಗಿದ್ರೂ ಮಾಡಿ. ನಿಮ್ಮ ಕಾಲಿಗೆ ನನ್ನ ಫೋನ್ ಯಾವಾಗ್ಲೂ ಸದ್ದು ಮಾಡುತ್ತೆ." ಅಮ್ಮ ಪರೀಕ್ಷೆ ಮಾಡೋಕೆ ಅಂತ ಅವತ್ತೇ ರಾತ್ರಿ ಹನ್ನೆರಡಕ್ಕೆ ಕಾಲ್ ಮಾಡಿದರು. ಪಾಸಾದೆ.

ಫ್ಯಾಮಿಲಿ ಗ್ರೂಪ್? ಮ್ಯೂಟ್. ವಾಟ್ಸ್‌ಆ್ಯಪಲ್ಲಿ 8 ಗಂಟೆ, ಒಂದು ವಾರ ಅಥವಾ ಯಾವಾಗ್ಲೂ ಅಂತ ಮ್ಯೂಟ್ ಮಾಡಬಹುದು. ಮ್ಯೂಟ್ ಮಾಡಿದ್ದು ಬೇರೆಯವರಿಗೆ ಗೊತ್ತಾಗಲ್ಲ, ದೊಡ್ಡಮ್ಮ ಬೇಜಾರು ಮಾಡ್ಕೊಳ್ಳೋದೂ ಇಲ್ಲ. ನಾನು ರಾತ್ರಿ ಊಟ ಆದ ಮೇಲೆ ಒಂದು ಸಲ ಕೂತು ಎಲ್ಲ ನೋಡ್ತೀನಿ. ನಿಜ ಹೇಳಬೇಕು ಅಂದ್ರೆ, ಈಗ ಆ ಗುಡ್ ಮಾರ್ನಿಂಗ್ ಫೋಟೋಗಳ ಮೇಲೆ ಮೊದಲಿನಷ್ಟು ಸಿಟ್ಟು ಬರಲ್ಲ.

ಎರಡನೇದು: ಅಂಗಡಿಗಳು

ಇವರ ವಿಷಯದಲ್ಲಿ ದಾಕ್ಷಿಣ್ಯ ಬೇಡ. ಬೀದಿಯಲ್ಲಿ ಹೋಗ್ತಿದ್ದಾಗ ಅಂಗಡಿಯವರು "ಬನ್ನಿ ಮೇಡಂ, ಬನ್ನಿ ಸರ್" ಅಂತ ಕರೀತಾರೆ, ಅದು ಸರಿ. ಅವರೇ ನಮ್ಮ ಮಲಗೋ ಕೋಣೆಗೆ ಬಂದು ಭುಜ ತಟ್ಟಿದ್ರೆ?

ಆಂಡ್ರಾಯ್ಡ್ 13 ಬಂದ ಮೇಲೆ ಹೊಸ ಆ್ಯಪ್‌ಗಳು ನೋಟಿಫಿಕೇಶನ್ ಕಳಿಸೋಕೆ ಮೊದಲು ನಿಮ್ಮ ಅನುಮತಿ ಕೇಳಲೇಬೇಕು. ಐಫೋನಲ್ಲಿ ಇದು ಮುಂಚಿನಿಂದಲೂ ಇದೆ. ಆದರೆ ನಾವು ಆ್ಯಪ್ ತೆರೆಯೋ ಆತುರದಲ್ಲಿ "ಅಲೋ" ಒತ್ತಿಬಿಡ್ತೀವಿ. ಇನ್ಮೇಲೆ ಮೊದಲ ಉತ್ತರ "ಬೇಡ" ಇರಲಿ. ಬೇಕು ಅನ್ನಿಸಿದ್ರೆ ಆಮೇಲೆ ಆನ್ ಮಾಡಬಹುದು.

ಈಗಾಗಲೇ ಇರೋ ಆ್ಯಪ್‌ಗಳಿಗೆ ಒಂದೇ ದಿನ ಕೂತು ಎಲ್ಲ ತೆಗೀಬೇಕಿಲ್ಲ. ಒಂದು ನೋಟಿಫಿಕೇಶನ್ ಬಂತಾ, ಅದನ್ನ ಸರಿಸಿ ಹಾಕೋ ಬದಲು ಆಂಡ್ರಾಯ್ಡಲ್ಲಿ ಅದರ ಮೇಲೆ ಬೆರಳು ಒತ್ತಿ ಹಿಡೀರಿ. ಅಲ್ಲೇ ಆಫ್ ಮಾಡೋ ಆಯ್ಕೆ ಬರುತ್ತೆ. ಎಷ್ಟೋ ಆ್ಯಪ್‌ಗಳಲ್ಲಿ ವಿಭಾಗ ಇರುತ್ತೆ, "ಆರ್ಡರ್ ಸ್ಥಿತಿ" ಬೇರೆ, "ಆಫರ್" ಬೇರೆ. ಡೆಲಿವರಿ ಹುಡುಗ ಗೇಟ್ ಹತ್ತಿರ ಬಂದಿದ್ದು ಗೊತ್ತಾಗಬೇಕು, ಬಿರಿಯಾನಿ ಹಬ್ಬದ ವಿಷಯ ಬೇಡ. ಒಂದು ವಾರ ಹೀಗೆ ಮಾಡಿದ್ರೆ ಅರ್ಧ ಗಲಾಟೆ ಖಾಲಿ.

ಬ್ಯಾಂಕಿನ ವಿಷಯದಲ್ಲಿ ಮಾತ್ರ ಹುಷಾರು. ಖಾತೆಯಿಂದ ದುಡ್ಡು ಹೋದರೆ ಬರೋ ಮೆಸೇಜು, ಒಟಿಪಿ, ಇವು ಆಫ್ ಆಗಬಾರದು. ವಂಚನೆ ಆದರೆ ಮೊದಲು ಗೊತ್ತಾಗೋದು ಅದರಿಂದಲೇ. ಇನ್ನು ಜಾಹೀರಾತಿನ ಕಾಲ್ ಮತ್ತು ಎಸ್‌ಎಂಎಸ್ ಬೇಡ ಅಂದ್ರೆ, 1909 ನಂಬರಿಗೆ ಸ್ಟಾರ್ಟ್ 0 ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ ಎಸ್‌ಎಂಎಸ್ ಕಳಿಸಿ. ಇದು ಟ್ರಾಯ್ ನಿಯಮದ ಪ್ರಕಾರ ಇರೋ ವ್ಯವಸ್ಥೆ. ಪೂರ್ತಿ ನಿಲ್ಲುತ್ತೆ ಅಂತ ನಾನು ಹೇಳಲ್ಲ, ಆದರೆ ನನಗೆ ಕಡಿಮೆ ಆಗಿದೆ.

ಮೂರನೇದು: ಆಫೀಸು

ಕಷ್ಟ ಇರೋದು ಇಲ್ಲೇ. ಯಾಕಂದ್ರೆ ಇದು ನಮ್ಮೊಬ್ಬರ ಕೈಯಲ್ಲಿಲ್ಲ.

ಮೊದಲು ನಮ್ಮ ಕೈಯಲ್ಲಿ ಇರೋದನ್ನ ನೋಡೋಣ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕೊಸ್ಟಾದಿನ್ ಕುಶ್ಲೆವ್ ಮತ್ತು ಎಲಿಜಬೆತ್ ಡನ್ 2015ರಲ್ಲಿ ಇಮೇಲ್ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. 124 ಜನರಿಗೆ ಒಂದು ವಾರ ದಿನಕ್ಕೆ ಮೂರೇ ಸಲ ಮೇಲ್ ನೋಡಿ ಅಂದರು, ಇನ್ನೊಂದು ವಾರ ಎಷ್ಟು ಸಲ ಬೇಕಾದ್ರೂ ನೋಡಿ ಅಂದರು. ಮೂರೇ ಸಲ ನೋಡಿದ ವಾರದಲ್ಲಿ ಜನರ ಒತ್ತಡ ಕಡಿಮೆ ಇತ್ತು.

ನಾನು ಇದನ್ನ ನನ್ನ ಕೆಲಸಕ್ಕೆ ಹೊಂದಿಸಿಕೊಂಡೆ. ಬೆಳಿಗ್ಗೆ ಹತ್ತಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಐದೂವರೆಗೆ ಮೇಲ್. ಫೋನಲ್ಲಿ ಜಿಮೇಲ್ ಸೆಟ್ಟಿಂಗ್ಸ್‌ಗೆ ಹೋಗಿ, ನೋಟಿಫಿಕೇಶನ್ "ಹೈ ಪ್ರಯಾರಿಟಿ ಓನ್ಲಿ" ಅಂತ ಇಟ್ಟೆ. ಆಫೀಸ್ ಚಾಟ್ ಆ್ಯಪ್‌ನಲ್ಲಿ ನನ್ನ ಹೆಸರು ಹಿಡಿದು ಕರೆದರೆ ಮಾತ್ರ ಸದ್ದು ಬರೋ ಹಾಗೆ ಮಾಡಿದೆ.

ಆದರೆ ಇದನ್ನ ಯಾರಿಗೂ ಹೇಳದೇ ಮಾಡಿದ್ರೆ, ಎರಡೇ ದಿನಕ್ಕೆ "ಎಲ್ಲಿ ಹೋಗಿದ್ದೆ?" ಅಂತ ಕೇಳ್ತಾರೆ. ಮನಸ್ಸಲ್ಲಿ ಆ ಭಯ ಇದ್ದರೆ ಆಫ್ ಮಾಡಿಯೂ ಉಪಯೋಗ ಇಲ್ಲ, ನಾವೇ ಹೋಗಿ ಹೋಗಿ ನೋಡ್ತೀವಿ. ಹಾಗಾಗಿ ನಮ್ಮ ಟೀಮ್ ಲೀಡ್ ಹತ್ತಿರ ಹೋಗಿ ನೇರವಾಗಿ ಕೇಳಿದೆ: "ಸರ್, ಮೇಲ್ ಮಾಡಿದ್ರೆ ಎಷ್ಟು ಹೊತ್ತಲ್ಲಿ ಉತ್ತರ ಬೇಕು ಅಂತ ನಿರೀಕ್ಷೆ ಮಾಡ್ತೀರಾ?"

ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಅವತ್ತಿನ ದಿನದೊಳಗೆ ಬಂದ್ರೆ ಸಾಕಲ್ವಾ?" ಅಂದರು.

ನಾನು ಎರಡು ವರ್ಷದಿಂದ ಹತ್ತು ನಿಮಿಷದೊಳಗೆ ಉತ್ತರ ಕೊಡಬೇಕು ಅಂದ್ಕೊಂಡಿದ್ದೆ! ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

"ಮತ್ತೆ ಅರ್ಜೆಂಟ್ ಇದ್ರೆ?" ಅಂದೆ. "ಅರ್ಜೆಂಟ್ ಇದ್ರೆ ಕಾಲ್ ಮಾಡ್ತೀನಮ್ಮ, ಮೇಲ್ ಯಾಕೆ ಮಾಡಲಿ?" ಅಂದರು. ಅಲ್ಲಿಗೆ ಮುಗೀತು. ಅವರ ನಂಬರಿಗೂ ಒಂದು ಸ್ಟಾರ್ ಹಾಕಿದೆ, ರಾತ್ರಿ ಹತ್ತರವರೆಗೆ.

ಎಲ್ಲರಿಗೂ ಇಂಥ ಲೀಡ್ ಸಿಗಲ್ಲ, ಗೊತ್ತು. ಹೊಸದಾಗಿ ಸೇರಿದವರು, ಪ್ರೊಬೇಶನಲ್ಲಿ ಇರೋರು ಈ ಪ್ರಶ್ನೆ ಕೇಳೋಕೇ ಹೆದರ್ತಾರೆ. ಮಧ್ಯರಾತ್ರಿ ಮೆಸೇಜ್ ಹಾಕಿ, "ನೋಡಿಲ್ವಾ?" ಅಂತ ಬೆಳಿಗ್ಗೆ ಎಲ್ಲರ ಮುಂದೆ ಕೇಳೋ ಮ್ಯಾನೇಜರ್‌ಗಳೂ ಇದ್ದಾರೆ. ಅಂಥ ಕಡೆ ಇರೋರಿಗೆ ಸೆಟ್ಟಿಂಗ್ಸ್ ಹೇಳಿಕೊಟ್ಟು "ಒತ್ತಡ ಕಡಿಮೆ ಮಾಡ್ಕೋ" ಅನ್ನೋದು ಅನ್ಯಾಯ.

ಇನ್ನೂ ಮುಂದೆ ಹೋದ್ರೆ, ಊಟ ತಂದುಕೊಡೋ ಹುಡುಗರಿಗೆ, ಕ್ಯಾಬ್ ಓಡಿಸೋ ಅಣ್ಣಂದಿರಿಗೆ ಆ ಟಿಂಗ್ ಅಂದ್ರೆ ಅವತ್ತಿನ ಸಂಪಾದನೆ. ಅವರು ಆಫ್ ಮಾಡಿದ್ರೆ ದುಡಿಮೆಯೇ ಇಲ್ಲ. ಈ ಮಾತನ್ನ ನೀವು ಬೈಕ್ ನಿಲ್ಲಿಸಿ, ಮುಂದಿನ ಆರ್ಡರಿಗೆ ಕಾಯ್ತಾ ಕೇಳ್ತಿದ್ದರೆ, ನಾನು ಹೇಳಿದ್ದರಲ್ಲಿ ಅರ್ಧ ನಿಮಗೆ ಅನ್ವಯ ಆಗಲ್ಲ. ಅದು ನಿಮ್ಮ ತಪ್ಪಲ್ಲ.

ಇದಕ್ಕೇ ಕೆಲವು ದೇಶಗಳು ಕಾನೂನು ಮಾಡಿವೆ. ಫ್ರಾನ್ಸ್‌ನಲ್ಲಿ 2017ರ ಜನವರಿಯಿಂದ, 50ಕ್ಕಿಂತ ಹೆಚ್ಚು ಕೆಲಸಗಾರರು ಇರೋ ಕಂಪನಿಗಳು ಕೆಲಸದ ಹೊತ್ತು ಮುಗಿದ ಮೇಲಿನ ಮೇಲ್, ಮೆಸೇಜ್ ಬಗ್ಗೆ ಉದ್ಯೋಗಿಗಳ ಜೊತೆ ಮಾತುಕತೆ ಮಾಡಿ ನಿಯಮ ಮಾಡಬೇಕು. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಲ್ಲಿ ಇಂಥದ್ದೇ ಹಕ್ಕು ಜಾರಿಗೆ ಬಂತು. ನಮ್ಮಲ್ಲಿ ಸಂಸದೆ ಸುಪ್ರಿಯಾ ಸುಳೆ ಲೋಕಸಭೆಯಲ್ಲಿ ಇದರ ಬಗ್ಗೆ ಖಾಸಗಿ ಮಸೂದೆ ಮಂಡಿಸಿದ್ದರು. ನಮ್ಮಲ್ಲಿ ಖಾಸಗಿ ಮಸೂದೆಗಳು ಕಾನೂನಾಗೋದು ಬಹಳ ಅಪರೂಪ. ಆದರೂ ಸಂಜೆ ಮನೆಗೆ ಹೋದ ಮೇಲಿನ ಹೊತ್ತು ಯಾರದು ಅನ್ನೋ ಪ್ರಶ್ನೆಯನ್ನ ಸಂಸತ್ತಿನಲ್ಲಿ ಒಬ್ಬರು ಕೇಳಿದ್ದಾರೆ ಅನ್ನೋದೇ ನನಗೆ ಧೈರ್ಯ.

ಅಲ್ಲಿಯವರೆಗೆ ನಾವೂ ಒಂದು ಕೆಲಸ ಮಾಡಬಹುದು. ರಾತ್ರಿ ಹನ್ನೊಂದಕ್ಕೆ ನಿಮಗೇನೋ ಹೊಳೀತು, ಸಹೋದ್ಯೋಗಿಗೆ ಮೇಲ್ ಬರೆದಿರಿ. ಬರೀರಿ, ಆದರೆ ಈಗಲೇ ಕಳಿಸಬೇಡಿ. ಜಿಮೇಲಲ್ಲಿ "ಶೆಡ್ಯೂಲ್ ಸೆಂಡ್" ಇದೆ, ಬೆಳಿಗ್ಗೆ ಒಂಬತ್ತಕ್ಕೆ ಹೋಗೋ ಹಾಗೆ ಇಡಿ. ಸ್ಲೈಡಿನ ಬಣ್ಣ ಬೆಳಿಗ್ಗೆವರೆಗೆ ಕಾಯುತ್ತೆ. ನಮ್ಮ ಒಂದು ಟಿಂಗ್ ಇನ್ಯಾರದ್ದೋ ಎದೆ ಧಸಕ್ ಅನ್ನಿಸುತ್ತೆ ಅನ್ನೋದು ನೆನಪಿರಲಿ.

ಇಷ್ಟೆಲ್ಲ ಮಾಡಿಯೂ ಆಗದಿದ್ದರೆ

ಕೆಲವರಿಗೆ ಇದು ಬರೀ ಕಿರಿಕಿರಿ ಆಗಿ ಉಳಿದಿರಲ್ಲ. ನಿದ್ದೆ ಬರಲ್ಲ, ಫೋನ್ ಕೈಯಲ್ಲಿಲ್ಲದಿದ್ರೆ ಕೈ ನಡುಗುತ್ತೆ, ಮೇಲ್ ತೆರೆಯೋಕೇ ಭಯ ಆಗುತ್ತೆ, ಓದು ಅಥವಾ ಕೆಲಸ ನಿಂತೇ ಹೋಗುತ್ತೆ. ಹಾಗಿದ್ರೆ ಒಬ್ಬರೇ ಒದ್ದಾಡಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ "ಶಟ್" ಅನ್ನೋ ಕ್ಲಿನಿಕ್ 2014ರಲ್ಲೇ ಶುರುವಾಗಿದೆ. ಫೋನ್, ಇಂಟರ್ನೆಟ್ ಬಳಕೆ ಕೈ ಮೀರಿದವರಿಗೆ ಅಂತಲೇ ಇರೋದು. ದೂರದ ಊರಲ್ಲಿದ್ದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಜ್ವರ ಬಂದ್ರೆ ಡಾಕ್ಟರ್ ಹತ್ತಿರ ಹೋಗಲ್ವಾ, ಇದೂ ಹಾಗೇ.

ಮುಗಿಸೋ ಮುಂಚೆ ಒಂದು ಮಾತು. ಈಗಲೂ ನಾನು ದಿನಕ್ಕೆ ಬೇಕಾದಷ್ಟು ಸಲ ಫೋನ್ ನೋಡ್ತೀನಿ. ರೀಲ್ಸ್ ನೋಡ್ತಾ ಊಟ ಆರಿಸಿಕೊಂಡ ದಿನಗಳೂ ಇವೆ. ನಾನೇನೂ ಸುಧಾರಣೆ ಆದ ಮನುಷ್ಯಳಲ್ಲ. ಆದರೆ ರಾತ್ರಿ ಮಲಗುವಾಗ ಈಗ ಒಂದು ಸಮಾಧಾನ ಇದೆ. ಫೋನ್ ಸುಮ್ಮನಿದ್ರೆ, ಎಲ್ಲರೂ ಚೆನ್ನಾಗಿದ್ದಾರೆ ಅಂತ ಅರ್ಥ. ಸದ್ದು ಮಾಡಿದ್ರೆ, ಎದ್ದು ನೋಡಲೇಬೇಕಾದ ಕಾರಣ ಇದೆ ಅಂತ ಅರ್ಥ. ಮೊದಲು ಆ ಸದ್ದಿಗೆ ಅರ್ಥವೇ ಇರಲಿಲ್ಲ.

ಹೋದ ತಿಂಗಳು ಅಪ್ಪ ಮತ್ತೆ ಬಂದಿದ್ದರು, ಕಣ್ಣಿನ ಆಪರೇಶನ್ ಆದ ಮೇಲಿನ ಚೆಕಪ್‌ಗೆ. ಬೆಳಿಗ್ಗೆ 4.40ಕ್ಕೆ ಫೋನ್ ಹೊಡೀತು. ನಾನು ಗಾಬರಿಯಾಗಿ ಎದ್ದು "ಬಂದ್ರಾ ಅಪ್ಪ?" ಅಂದೆ.

"ಇಲ್ಲ, ಇನ್ನೂ ತುಮಕೂರು ದಾಟ್ತಾ ಇದೆ. ನೀನು ಹೇಳಿದ್ಯಲ್ಲ, ಫೋನ್ ಹೊಡೀತದಾ ಅಂತ ನೋಡಿದೆ. ಮಲಗು" ಅಂದರು.

ಇವತ್ತಿಗೆ ಇಷ್ಟೇ. ಕೇಳಿ ಮುಗಿಸಿದ ಮೇಲೆ ಬೇರೇನೂ ಮಾಡದಿದ್ರೂ ಪರವಾಗಿಲ್ಲ, ಮನೆಯವರ ಎರಡು ನಂಬರಿಗೆ ಸ್ಟಾರ್ ಹಾಕಿ. ಎರಡು ನಿಮಿಷದ ಕೆಲಸ. ಮತ್ತೆ ಸಿಗೋಣ, ನಮಸ್ಕಾರ.